ಕಪ್ಪೆಚಿಪ್ಪಿನ ಎದುರು ಆರು ವಾರ

ಮಾರ್ಚ್ 4, ಮಂಗಳವಾರ

ನಮ್ಮ ಮೀನಿನ ತೊಟ್ಟಿಯ ಈ ಕಪ್ಪೆಚಿಪ್ಪಿನ ಕಥೆಯನ್ನು ಮೊದಲು ಹೇಳಿದವಳು ನನ್ನ ಹೆಂಡತಿ. ಹೇಳಿದ್ದು ಇವತ್ತು ಬೆಳಿಗ್ಗೆ ಎಂಟೂಕಾಲಿಗೆ, ನನ್ನ ಗಂಟಲಿನ ಆಪರೇಷನ್ ಆದ ನಾಲ್ಕನೆಯ ದಿನ. ಅದು ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಬಂದ ಬಂದ ನೆಂಟರಿಗೆಲ್ಲ ಅದರ ಕಥೆ ಹೇಳಿ ನಗಿಸಿದವನು ನಾನೇ. ಆದರೆ ತಂದವಳ ಬಾಯಿಂದ ಕೇಳಿದ್ದು ಇದೇ ಮೊದಲು. ಕಾರಣ ದೊಡ್ಡದೇನಲ್ಲ. ನಡುವೆ ಬಾಯಿ ಹಾಕಲು ಇವತ್ತು ನನಗೆ ಬಾಯಿ ಇರಲಿಲ್ಲ.

ಗಂಟಲಿನೊಳಗೆ ಸಾಸಿವೆ ಕಾಳಿನಂಥ ಎರಡು ಗಂಟು ಇದ್ದವು. ತೆಗೆದಿದ್ದಾರೆ. ಎರಡು ವಾರ ಒಂದಕ್ಷರ ಆಡಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. "ಪಿಸುಗುಟ್ಟೋದೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಗಾಯ ಮಾಯದೆ ಮಾತಾಡಿದ್ರೆ ಆಮೇಲೆ ಧ್ವನಿ ಬರುತ್ತೋ ಇಲ್ವೋ ನಾನು ಹೇಳಲಾರೆ" ಎಂದರು.

ಇಪ್ಪತ್ತೇಳು ವರ್ಷದಿಂದ ನಾನು ರೈಲು ನಿಲ್ದಾಣದ ಧ್ವನಿ. ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ, ಎಷ್ಟು ತಡ, ಎಲ್ಲ ನನ್ನ ಗಂಟಲಿಂದಲೇ ಹೊರಡಬೇಕು. ಜನ ನನ್ನ ಹೆಸರು ಮರೆತು ಮೈಕು ಎಂದೇ ಕರೆಯುತ್ತಾರೆ. ಏಪ್ರಿಲ್ ಏಳರೊಳಗೆ ಧ್ವನಿ ಬಾರದಿದ್ದರೆ ರೆಕಾರ್ಡು ಮಾಡಿದ ಯಂತ್ರ ಕೂರಿಸಿ ನನ್ನನ್ನು ಪಾರ್ಸೆಲ್ ಕೋಣೆಗೆ ಹಾಕುತ್ತಾರಂತೆ. ಅಲ್ಲಿ ಮೂಟೆಗಳ ಜೊತೆ ಏನು ಮಾತಾಡಲಿ? ಹೊಟ್ಟೆಯಲ್ಲಿ ಮಾತು ತುಂಬಿಕೊಂಡು ಉಸಿರು ಕಟ್ಟುತ್ತಿದೆ. ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೆ ಈ ಪುಸ್ತಕ.

ಇನ್ನು ಕಥೆ. ನಾನು ಹೇಳುವ ಕಥೆ ಹೀಗಿದೆ: "ನಮ್ಮವಳು ಪರದೆ ಬಟ್ಟೆ ತರ್ತೀನಿ ಅಂತ ಹೋಗಿ ಟಿಫಿನ್ ಡಬ್ಬಿಯಲ್ಲಿ ಒಂದು ಕಲ್ಲು ತಂದಳು. ಕಿಟಕಿ ಇವತ್ತಿಗೂ ಬೋಳು." ಇಷ್ಟಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅವಳು ಹೇಳಿದ್ದು ಬೇರೆ. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬ್ಯಾಗು ಹೆಗಲಿಗೇರಿಸಿ ಹೊರಟವಳು ಮೀನಿನ ತೊಟ್ಟಿಯ ಮುಂದೆ ನಿಂತಳು. "ಆಗ ಇದು ಬೆಂಕಿಪೊಟ್ಟಣದಷ್ಟಿತ್ತು. ಅಂಗಡಿಯವನು ಮೂಲೆಯ ಟಬ್ಬಿನಲ್ಲಿ ಹಾಕಿಟ್ಟಿದ್ದ. 'ತಗೊಬೇಡಿಮ್ಮ, ಇದು ಉಳಿಯೋದಲ್ಲ. ಹದಿನೈದು ದಿನ ದಾಟಿದ್ರೆ ದಾಟೀತು' ಅಂದ. ನಂಗೆ ಅದೇ ಬೇಕು ಅನ್ನಿಸ್ತು. ಡಬ್ಬಿಯಲ್ಲಿ ನೀರು ತುಂಬಿಸಿ ಬಸ್ಸಿನಲ್ಲಿ ನಿಂತುಕೊಂಡೇ ತಂದೆ, ಕೂತ್ರೆ ತುಳುಕುತ್ತೆ ಅಂತ. ಹದಿನೈದು ದಿನ ಬೆಳಿಗ್ಗೆ ಎದ್ದವಳೇ ಮೊದಲು ಇದರ ಮುಖ ನೋಡ್ತಿದ್ದೆ. ಹದಿನಾರನೇ ದಿನ..." ಎಂದು ಗಡಿಯಾರ ನೋಡಿದಳು. "ಅಯ್ಯೋ, ಬಸ್ಸು."

ಹದಿನಾರನೇ ದಿನ ಏನಾಯ್ತು ಎಂದು ನಾನು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು.

ಮಾರ್ಚ್ 5, ಬುಧವಾರ

ತೊಟ್ಟಿಯ ಕೆಲಸ ನನ್ನ ತಲೆಗೆ ಕಟ್ಟಿದ್ದಾಳೆ. "ಅದಕ್ಕೂ ಬಾಯಿದೆ, ಮಾತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಳ್ಳಿ" ಎಂದಳು. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ: ಹತ್ತಕ್ಕೆ ದೀಪ ಹಾಕಿ, ಏಳಕ್ಕೆ ಆರಿಸಿ. ದಿನಾ ಎಷ್ಟು ನೀರು ಇಳಿದಿದೆಯೋ ಅಷ್ಟು ಸಪ್ಪೆ ನೀರು, ನೀಲಿ ಕ್ಯಾನಿನಿಂದ ಮಾತ್ರ. "ಮಾತ್ರ" ಎಂಬುದರ ಕೆಳಗೆ ಎರಡು ಗೆರೆ.

ಉಪ್ಪುನೀರಿನ ತೊಟ್ಟಿಗೆ ಸಪ್ಪೆ ನೀರು ಯಾಕೆ ಎಂದು ಸ್ಲೇಟಿನಲ್ಲಿ ಕೇಳಿದೆ. "ಒಲೆ ಮೇಲಿಟ್ಟಿದ್ದು ಕುದ್ದು ಬತ್ತಿದ್ರೆ ಏನಾಗುತ್ತೆ?" ಎಂದಳು. ಉಪ್ಪಾಗುತ್ತದೆ ಎಂದು ಬರೆದೆ. "ಮತ್ತೆ? ಆವಿಯಾಗೋದು ನೀರು, ಉಪ್ಪಲ್ಲ" ಎಂದಳು. ಹನ್ನೊಂದು ವರ್ಷ ಇದೇ ಕೋಣೆಯಲ್ಲಿ ಕೂತವನಿಗೆ ಇದು ಹೊಳೆದಿರಲಿಲ್ಲ.

ಇವತ್ತು ಮೊದಲ ಸಲ ಕುರ್ಚಿ ಎಳೆದುಕೊಂಡು ತೊಟ್ಟಿಯನ್ನು ನೋಡಿದೆ. ನಮ್ಮ ಟ್ರಂಕಿನಷ್ಟು ಉದ್ದ. ಎರಡು ಕಿತ್ತಳೆ ಮೀನು, ಕಡ್ಡಿಮೀಸೆಯ ಒಂದು ಸಿಗಡಿ, ಗಾಜಿಗೆ ಅಂಟಿದ ನಾಲ್ಕು ಬಸವನಹುಳು, ನಡುವಿನ ಬಂಡೆಯ ಮೇಲೆ ಕಪ್ಪೆಚಿಪ್ಪು. ಈಗ ಅದು ಒಂದು ಗೇಣಗಲ. ಎರಡು ಚಿಪ್ಪಿನ ನಡುವಿಂದ ನೀಲಿ ಮಾಂಸ ಅಲೆಅಲೆಯಾಗಿ ಹೊರಗೆ ಹರಡಿಕೊಂಡಿದೆ, ಅಂಚಿನುದ್ದಕ್ಕೂ ಹಸಿರು ಚುಕ್ಕಿ. ಅವಳು ಅದನ್ನು ಸೆರಗು ಎನ್ನುತ್ತಾಳೆ. ಕಲ್ಲು ಎಂದು ಇಷ್ಟು ವರ್ಷ ನಾನು ಯಾವುದನ್ನು ಕರೆದೆನೋ!

ಮಾರ್ಚ್ 7, ಶುಕ್ರವಾರ

ಒಂದು ವಿಚಿತ್ರ ಗೊತ್ತಾಯಿತು. ಕೆಳಗಿನ ಮನೆಯ ಇಸ್ತ್ರಿಯವನು ಬಾಗಿಲಿಗೆ ಬಂದ. ಬಾಯಿಲ್ಲದ್ದಕ್ಕೆ ಎರಡು ಕೈಯನ್ನೂ ಗಾಳಿಗಿರಣಿಯಂತೆ ಬೀಸಿ ಉತ್ತರ ಕೊಟ್ಟೆ. ತಿರುಗಿ ನೋಡಿದರೆ ಕಪ್ಪೆಚಿಪ್ಪು ಸೆರಗು ಎಳೆದುಕೊಂಡು ಟಪ್ಪನೆ ಮುಚ್ಚಿಕೊಂಡಿದೆ. ನಾನು ಮುಟ್ಟಿರಲಿಲ್ಲ. ಮಾತೂ ಆಡಿರಲಿಲ್ಲ.

ಆಮೇಲೆ ಮಧ್ಯಾಹ್ನವೆಲ್ಲ ಅದೇ ಕೆಲಸ. ಸದ್ದು ಮಾಡಿದೆ, ತಟ್ಟೆ ಬಡಿದೆ, ಅದು ಕ್ಯಾರೆ ಎನ್ನಲಿಲ್ಲ. ದೀಪದ ಕೆಳಗೆ ಕೈ ಚಾಚಿದೆ, ಮುಚ್ಚಿಕೊಂಡಿತು. ಅಂದರೆ ಅದಕ್ಕೆ ತಾಗಿದ್ದು ನನ್ನ ನೆರಳು. ಸಂಜೆ ಅವಳು ಹೇಳಿದಳು, ಸೆರಗಿನ ಅಂಚಿನುದ್ದಕ್ಕೂ ಸೂಜಿಮೊನೆಯಂಥ ನೂರಾರು ಕಣ್ಣುಗಳಿವೆಯಂತೆ. ನಮ್ಮ ಮುಖ ಕಾಣುವುದಿಲ್ಲ, ಬೆಳಕಿಗೆ ಅಡ್ಡ ಬಂದವರು ಮಾತ್ರ ಗೊತ್ತಾಗುತ್ತಾರೆ.

ಪುನಃ ತೆರೆಯಲು ನಾಲ್ಕು ನಿಮಿಷ ಬೇಕು. ಕೈಕಟ್ಟಿ ಕೂತರೆ ಮೂರು.

ಮಾರ್ಚ್ 10, ಸೋಮವಾರ

ಟಿಕೆಟ್ ಗುಮಾಸ್ತ ನೋಡಲು ಬಂದಿದ್ದ. ಇಪ್ಪತ್ತು ವರ್ಷದ ಗೆಳೆಯ, ನನ್ನ ಜೋಕುಗಳಿಗೆ ಮೊದಲ ಗಿರಾಕಿ. "ಏನೋ ಮೈಕು, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ದೇವರು ನಿನ್ನ ಬಾಯಿಗೇ ಬೀಗ ಹಾಕಿದ ನೋಡು" ಎಂದ. ಈ ಗಾದೆ ಈ ವಾರದಲ್ಲಿ ಹನ್ನೊಂದನೆಯ ಸಲ ಕೇಳಿದ್ದು. ಮುತ್ತು ಎಂದೊಡನೆ ತೊಟ್ಟಿಯತ್ತ ತಿರುಗಿ, "ಇದರೊಳಗೆ ಮುತ್ತಿದೆಯಾ?" ಎಂದ. ಅದನ್ನೂ ಹನ್ನೊಂದು ಜನ ಕೇಳಿದ್ದಾರೆ.

ತುಂಬ ಹೊತ್ತು ಕೂತಿದ್ದ. ನಾನು ಉತ್ತರಿಸಲಾರೆನೆಂದೋ ಏನೋ, ತನ್ನ ಹೆಂಡತಿಗೆ ಮಂಡಿನೋವು ಹೆಚ್ಚಾಗಿದೆ, ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಾಳೆ ಎಂದೆಲ್ಲ ಹೇಳಿದ. ಇಪ್ಪತ್ತು ವರ್ಷದಲ್ಲಿ ಅವನು ಮನೆಯ ಮಾತು ಎತ್ತಿದ್ದೇ ನೆನಪಿಲ್ಲ. ಗಂಟಲು ಕೆಟ್ಟದ್ದು ನನ್ನದು, ಮಾತು ಹೆಚ್ಚಾದದ್ದು ಊರಿನವರಿಗೆ.

ಮಾರ್ಚ್ 12, ಬುಧವಾರ

ಇದಕ್ಕೆ ಏನು ತಿನ್ನಿಸುತ್ತೀ ಎಂದು ಬರೆದು ಕೇಳಿದೆ. "ಬೆಳಕು" ಎಂದಳು. ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ. ಅಲ್ಲವಂತೆ. ಆ ಸೆರಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ತೋಟವೇ ಇದೆಯಂತೆ. ಪಾಚಿ ಬೆಳಕು ಕುಡಿದು ಸಕ್ಕರೆ ಮಾಡುತ್ತದೆ, ಕಪ್ಪೆಚಿಪ್ಪಿಗೂ ಪಾಲು ಕೊಡುತ್ತದೆ. ಅದಕ್ಕೇ ಹಗಲೆಲ್ಲ ಸೆರಗು ಹರಡಿ ಒಣಗಿಸುವಂತೆ ಕೂತಿರುತ್ತದೆ. ನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ ಚಿಪ್ಪು ಕಟ್ಟಿಕೊಳ್ಳುತ್ತದೆ.

ಸುಣ್ಣ ಎಷ್ಟಿದೆಯೆಂದು ಅಳೆಯುವುದನ್ನು ಹೇಳಿಕೊಟ್ಟಳು. ಸಣ್ಣ ಸೀಸೆಯ ನೀರಿಗೆ ಪುಡಿ ಹಾಕಿದರೆ ಗುಲಾಬಿ ಬಣ್ಣ. ಇನ್ನೊಂದು ಸೀಸೆಯಿಂದ ಹನಿ ಹನಿ ಬಿಡುತ್ತ ಹೋದರೆ ಒಂದು ಹನಿಗೆ ಗಕ್ಕನೆ ನೀಲಿ. ಆ ಹನಿ ಎಷ್ಟನೆಯದು ಎಂಬುದೇ ಲೆಕ್ಕ. ಅವಳು ಎಣಿಸುವಾಗ ತುಟಿ ಮಾತ್ರ ಅಲ್ಲಾಡುತ್ತದೆ. ನೋಡಿದೆ.

"ಹದಿನಾರನೇ ದಿನ?" ಎಂದು ಬರೆದು ಸ್ಲೇಟು ಹಿಡಿದೆ. ಅವಳು ಒದ್ದೆ ಬೆರಳಿನಿಂದ ಅದನ್ನು ಒರೆಸಿ, "ಅಲ್ಲಿ ಬಟ್ಟೆ ಕೊಡಿ, ಗಾಜು ಒರೆಸಬೇಕು" ಎಂದಳು.

ಮಾರ್ಚ್ 15, ಶನಿವಾರ

ಗಾಯ ಮಾಯ್ದಿಲ್ಲ. ಇನ್ನೂ ಮೂರು ವಾರ ಮೌನ. ಏಪ್ರಿಲ್ ಐದಕ್ಕೆ ಬನ್ನಿ ಎಂದರು. ಆಗಲೂ ಧ್ವನಿ ಬಾರದಿದ್ದರೆ ಎಂದು ಬರೆದು ತೋರಿಸಿದೆ. ಡಾಕ್ಟರಮ್ಮ ಸ್ಲೇಟು ಓದಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಅವರಿಗೆ ಮನೆಯಿಂದ ಫೋನು, ಮಗಳಿಗೆ ರಾತ್ರಿಯೆಲ್ಲ ಕೆಮ್ಮಂತೆ.

ಬರೆಯಲು ಮನಸ್ಸಿಲ್ಲ.

ಮಾರ್ಚ್ 18, ಮಂಗಳವಾರ

ತಂಗಿ ಬಂದು ಎರಡು ದಿನ ಇದ್ದು ಹೋದಳು. ನಗುವುದರಲ್ಲಿ ಅವಳು ನನಗಿಂತ ಒಂದು ಕೈ ಮೇಲು, ಅವಳು ಬಂದರೆ ಮನೆಯ ಗೋಡೆ ಕೂಡ ನಗುತ್ತದೆ. "ಅಣ್ಣ, ನೀನು ಸುಮ್ಮನೆ ಕೂತಿರೋದನ್ನ ನೋಡೋಕೆ ಟಿಕೆಟ್ ಇಡಬಹುದು ಕಣೋ" ಎಂದಳು. ಬರುವಾಗ ಅಮ್ಮನ ತಾಮ್ರದ ಕೊಡ ಹೊತ್ತು ತಂದಿದ್ದಾಳೆ. "ಇದರ ನೀರೇ ಕುಡಿ. ನಿನ್ನ ಗಂಟಲಿಗೆ ಒಳ್ಳೇದು. ಅಮ್ಮ ಕೊನೇವರೆಗೂ ಹಾಡಿದ್ದು ಇದರ ನೀರು ಕುಡಿದೇ" ಎಂದಳು.

ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ಅವಳು ಒಂದೇ ಕೈಯಲ್ಲಿ ಹಾಕುತ್ತಿದ್ದಳು. ಎಡಗೈ ಮೇಲೆತ್ತಲಿಲ್ಲ. ನಾನು ನೋಡಿದ್ದನ್ನು ನೋಡಿ, "ಭುಜ ಹಿಡ್ಕೊಂಡಿದೆ, ವಯಸ್ಸಾಯ್ತಲ್ಲ" ಎಂದು ನಕ್ಕಳು. ಅಡುಗೆಮನೆಯಲ್ಲಿ ಅತ್ತಿಗೆಯನ್ನು ಏನೋ ಕೇಳಲು ಬಾಯಿ ತೆರೆದವಳು ನಾನು ಬಂದದ್ದೇ ಮಾತು ತಿರುಗಿಸಿದಳು.

ಮಾರ್ಚ್ 20, ಗುರುವಾರ

ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಎರಡು ಲೀಟರ್ ಇಳಿಯುತ್ತಿದೆ. ನೀಲಿ ಕ್ಯಾನು ತುಂಬುವ ಫಿಲ್ಟರು ಕಟ್ಟಿಕೊಂಡು ತೊಟ್ಟಿಕ್ಕುತ್ತಿದೆ, ಕ್ಯಾನು ತುಂಬುವಷ್ಟರಲ್ಲಿ ನನ್ನ ಗಡ್ಡ ಬೆಳೆಯುತ್ತದೆ. ಯೋಚನೆ ಮಾಡಿದೆ. ಮನೆಯಲ್ಲಿ ಅಮ್ಮನ ಕೊಡದ ನೀರಿಗಿಂತ ಒಳ್ಳೆಯ ನೀರು ಯಾವುದಿದೆ? ನನ್ನ ಗಂಟಲಿಗೆ ಆಗುವುದು ಅದರ ಗಂಟಲಿಗೆ ಆಗದೇ? ಇಬ್ಬರೂ ಒಂದೇ ವ್ರತ ಹಿಡಿದವರು.

ಕೊಡವನ್ನು ನಿಂಬೆಹೋಳು ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ. ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ತೊಟ್ಟಿಗೆ ಎರಡು ಲೀಟರ್ ಹಾಕಿ, ನಾನೊಂದು ಲೋಟ ಕುಡಿದೆ. ಅವಳಿಗೆ ಹೇಳಿಲ್ಲ. ಒಂದು ದಿನ ಕಪ್ಪೆಚಿಪ್ಪು ಮೊದಲಿಗಿಂತ ಹೊಳೆದಾಗ ಗುಟ್ಟು ಬಿಡುತ್ತೇನೆ.

ಇನ್ನೊಂದು ಹೊಸದು. ನಿಧಾನವಾಗಿ ಕೈ ತಂದರೆ ಈಗ ಅದು ಮುಚ್ಚುವುದಿಲ್ಲ. ಅಂಚು ಮಾತ್ರ ಸ್ವಲ್ಪ ನಡುಗಿಸಿ ಸುಮ್ಮನಾಗುತ್ತದೆ. ನನ್ನ ನೆರಳು ಅದಕ್ಕೆ ರೂಢಿಯಾಗಿದೆ.

ಮಾರ್ಚ್ 24, ಸೋಮವಾರ

ಏನೋ ಸರಿಯಿಲ್ಲ. ನಿನ್ನೆ ಎರಡು ಬಸವನಹುಳು ಗಾಜಿನಿಂದ ಕೆಳಗೆ ಬಿದ್ದಿದ್ದವು. ಇವತ್ತು ಬೆಳಿಗ್ಗೆ ಸಿಗಡಿ ಮರಳಿನ ಮೇಲೆ ಮಗ್ಗುಲಾಗಿತ್ತು. ಕಪ್ಪೆಚಿಪ್ಪಿನ ಸೆರಗು ಅರ್ಧಕ್ಕರ್ಧ ಒಳಗೆ ಹೋಗಿದೆ, ಅಂಚು ಮುದುಡಿದೆ.

ಅವಳು ಕೆಲಸಕ್ಕೆ ತಡವಾಗಿ ಹೋದಳು. ಕೊಳವೆಯಂಥ ಯಂತ್ರದ ಗಾಜಿನ ಮೇಲೆ ಒಂದು ಹನಿ ಬಿಟ್ಟು ಕಿಟಕಿಯತ್ತ ಹಿಡಿದು ಉಪ್ಪು ನೋಡಿದಳು, ಸರಿಯಿದೆ. ಹನಿ ಎಣಿಸಿ ಸುಣ್ಣ ನೋಡಿದಳು, ಸರಿಯಿದೆ. ಬಿಸಿ, ದೀಪ, ಎಲ್ಲ ಸರಿ. "ಎಲ್ಲ ಸರಿಯಿದ್ದೂ ಸಾಯೋದು ಹೇಗೆ?" ಎಂದಳು. ನನ್ನನ್ನು ಕೇಳಿದ್ದಲ್ಲ.

ಎಂದಿನಂತೆ ಎರಡು ಲೀಟರ್ ಹಾಕಿದೆ. ಒಂದು ಲೋಟ ಹೆಚ್ಚಿಗೇ ಹಾಕಿದೆ, ಪಾಪ ಎಂದು.

ಮಾರ್ಚ್ 26, ಬುಧವಾರ

ನಿನ್ನೆ ಬರೆಯಲು ಕೈಬಿಡುವಾಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಅವಳು ಹೋದಮೇಲೆ ನೋಡಿದರೆ ಕಪ್ಪೆಚಿಪ್ಪು ಬಾಯಿ ಬಿಟ್ಟುಕೊಂಡಿತ್ತು. ಸೆರಗು ಹರಡಿಲ್ಲ, ಚಿಪ್ಪು ಮಾತ್ರ ಜೋತುಬಿದ್ದ ದವಡೆಯ ಹಾಗೆ ತೆರೆದಿದೆ. ಕೈ ಅಡ್ಡ ಹಿಡಿದೆ. ಮುಚ್ಚಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಜನ ನನಗೆ ಹೇಳುತ್ತಿದ್ದ ಮಾತು, ಅಲ್ಲಿ ಕಣ್ಣೆದುರೇ ನಡೆಯುತ್ತಿತ್ತು.

ಫೋನು ಎತ್ತಿಕೊಂಡೆ. ಎತ್ತಿ ಏನು ಮಾಡಲಿ? ಅವಳ ಲ್ಯಾಬಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟೇ ಒಳಗೆ ಹೋಗಬೇಕು. ಬರೆದು ಕಳಿಸಿದರೆ ನೋಡುವುದು ಸಂಜೆಗೆ. ಲ್ಯಾಬಿನ ಆಫೀಸಿಗೆ ಫೋನು ಮಾಡಿ ಎರಡೇ ಮಾತು ಹೇಳಿದರೆ ಅವಳನ್ನು ಕರೆದಾರು. ಬಾಯಿ ತೆರೆದೆ. ಗಂಟಲಿನ ತನಕ ಬಂದ ಮಾತನ್ನು ನುಂಗಿದೆ. ಪಾರ್ಸೆಲ್ ಕೋಣೆ ಕಣ್ಣಮುಂದೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಇಪ್ಪತ್ತೈದು ದಿನ ಅವಳು ಕಾದು ಕಾಪಾಡಿದ ಗಂಟಲು, ಅವಳನ್ನು ಕೇಳದೆ ಹೇಗೆ ಹರಿದುಕೊಳ್ಳಲಿ ಎನ್ನಿಸಿತು. ಸ್ಲೇಟು ಕಂಕುಳಲ್ಲಿಟ್ಟುಕೊಂಡು ತೊಟ್ಟಿಯ ಅಂಗಡಿಗೆ ಓಡಿದೆ.

ದಪ್ಪ ಕನ್ನಡಕದ ಅಂಗಡಿಯವನು. ಹನ್ನೊಂದು ವರ್ಷದ ಹಿಂದೆ ಇದನ್ನು ಮಾರಿದವನೇ. ನನ್ನ ಮುಂದೆ ಇಬ್ಬರಿದ್ದರು, ನಾನು ಅವರ ತಲೆಯ ಮೇಲಿಂದ ಸ್ಲೇಟು ಹಿಡಿದೆ: ಕಪ್ಪೆಚಿಪ್ಪು ಬಾಯಿ ಬಿಟ್ಟಿದೆ.

"ಸಿಗಡಿ ಹೇಗಿದೆ?"

ಸತ್ತಿದೆ.

"ಮೀನು?"

ಚೆನ್ನಾಗಿದೆ.

ಅವನು ಕನ್ನಡಕ ತೆಗೆದ. "ಮೀನು ಗಟ್ಟಿ, ಮೂಳೆಯಿಲ್ಲದ್ದೆಲ್ಲ ಸಾಯ್ತಿದೆ. ಮೀನಿನ ಔಷಧಿ ಹಾಕಿದ್ರಾ?" ಇಲ್ಲ ಎಂದು ತಲೆಯಾಡಿಸಿದೆ. "ಹಿತ್ತಾಳೆ, ತಾಮ್ರ ಏನಾದ್ರೂ ನೀರಿಗೆ ತಾಕಿತಾ? ನಲ್ಲಿ, ತಂತಿ, ನಾಣ್ಯ?" ನಾನು ಇಲ್ಲ ಎಂದು ತಲೆಯಾಡಿಸಲು ಹೊರಟವನು ಅಲ್ಲೇ ನಿಂತೆ. ಅವನು ನನ್ನ ಮುಖ ನೋಡಿದ. "ಹೇಳಿ, ಬರೀರಿ."

ಅಮ್ಮನ ಕೊಡ, ಎಂದು ಬರೆದೆ. ನಿಂಬೆ ಹಾಕಿ ಉಜ್ಜಿದೆ.

"ನಿಂಬೆ ಬೇರೆ" ಎಂದು ಅವನು ಹಣೆ ಮುಟ್ಟಿಕೊಂಡ. "ಹುಳಿ ತಾಗಿದ್ರೆ ತಾಮ್ರ ಇನ್ನೂ ಕರಗುತ್ತೆ ಸ್ವಾಮಿ. ನಿಮಗೆ ಅದು ನೀರು, ಇವಕ್ಕೆ ಅದು ವಿಷ." ಬೈಯಲಿಲ್ಲ. ಎರಡು ದಪ್ಪ ಹತ್ತಿಯಂಥ ಬಿಳಿ ಹಾಳೆ ಕೊಟ್ಟ. ನೀರು ಹರಿಯುವಲ್ಲಿಟ್ಟರೆ ತಾಮ್ರ ಹೀರಿ ನೀಲಿಯಾಗುತ್ತದಂತೆ. ಒಂದು ಮೂಟೆ ಉಪ್ಪೂ ಕೊಟ್ಟ, ಅರ್ಧ ನೀರು ಇವತ್ತೇ ಬದಲಿಸಬೇಕು, ಉಳಿದರ್ಧ ನಾಳಿದ್ದು. ಹೊರಡುವಾಗ ಹೇಳಿದ, "ಹದಿನೈದು ದಿನ ನೋಡಿ. ದಾಟಿದ್ರೆ ದಾಟೀತು."

ಸಂಜೆ ಅವಳು ಬರುವಷ್ಟರಲ್ಲಿ ನಡುಮನೆಯ ತುಂಬ ಬಕೆಟ್ಟು. ಒಂದರಲ್ಲಿ ಉಪ್ಪು ಕದಡುತ್ತಿದ್ದೆ. ತೊಟ್ಟಿಯೊಳಗಿನ ಬಿಳಿ ಹಾಳೆಯ ಅಂಚಿಗೆ ಆಗಲೇ ಆಕಾಶದ ಬಣ್ಣ. ಅವಳು ಹಾಳೆ ನೋಡಿದಳು, ಬೋರಲು ಹಾಕಿದ ಕೊಡ ನೋಡಿದಳು. ನಾನು ಸ್ಲೇಟು ಎತ್ತಿದೆ. ಅದರ ಮೇಲೆ ಮಧ್ಯಾಹ್ನವೇ ಎಲ್ಲ ಬರೆದಿಟ್ಟಿದ್ದೆ, ಎರಡು ಬದಿಯೂ ತುಂಬಿತ್ತು. ಓದಿದಳು, ತಿರುಗಿಸಿ ಓದಿದಳು.

"ಮನೆಯಲ್ಲಿದ್ದ ಒಳ್ಳೇ ನೀರನ್ನೇ ಹಾಕಿದೀರಿ" ಎಂದಳು. ಚಪ್ಪಲಿ ಬಿಟ್ಟು ಬಂದು ಇನ್ನೊಂದು ಬಕೆಟ್ಟಿಗೆ ಕೈಹಾಕಿದಳು.

ಕದಡಬೇಕು, ಉಪ್ಪು ನೋಡಬೇಕು, ಮತ್ತೆ ಕದಡಬೇಕು. ತುಂಬ ಹೊತ್ತಿನ ಕೆಲಸ. ಅರ್ಧದಲ್ಲಿ ಅವಳು ನನ್ನ ಕಡೆ ನೋಡದೆ ಹೇಳಿದಳು.

"ಆವತ್ತು ನಾನು ಪರದೆ ಬಟ್ಟೆಗೆ ಹೋಗಿರಲಿಲ್ಲ. ಎದೆಯಲ್ಲಿ ಒಂದು ಗಂಟು ಸಿಕ್ಕಿತ್ತು. ತೋರಿಸ್ಕೊಂಡು ಬರ್ತಾ ಇದ್ದೆ. ರಿಪೋರ್ಟ್ ಬರೋಕೆ ಹದಿನೈದು ದಿನ ಅಂದ್ರು. ದಾರಿಯಲ್ಲಿ ಈ ಅಂಗಡಿ. ಅವನೂ ಹದಿನೈದು ದಿನ ಅಂದ. ಇದು ಉಳಿದ್ರೆ ನಾನೂ ಉಳಿತೀನಿ ಅಂತ, ಹುಚ್ಚು."

ಕದಡುವ ಕೋಲು ಬಿಟ್ಟು ಸ್ಲೇಟಿನ ಒಂದು ಬದಿ ಒರೆಸಿಕೊಂಡೆ.

"ಹದಿನಾರನೇ ದಿನ ರಿಪೋರ್ಟ್ ಬಂತು. ಏನೂ ಇರಲಿಲ್ಲ. ಮನೆಗೆ ಬಂದ್ರೆ ನೀವು ಯಾರಿಗೋ ಸ್ಟೇಷನ್ ಮಾಸ್ಟರ ಪ್ಯಾಂಟು ರೈಲಿನ ಬಾಗಿಲಿಗೆ ಸಿಕ್ಕಿದ ಜೋಕು ಹೇಳ್ತಾ ಇದ್ರಿ. ನಾನೂ ಕೂತು ನಕ್ಕೆ. ಆವತ್ತಿನಷ್ಟು ಯಾವತ್ತೂ ನಕ್ಕಿಲ್ಲ."

ಯಾಕೆ ಹೇಳಲಿಲ್ಲ ಎಂದು ಬರೆದೆ.

"ಹೇಳೋಕೆ ಮೂರು ಸಲ ಬಂದೆ ರೀ. ಮೂರೂ ಸಲ ನೀವು ಏನೋ ಹೇಳ್ತಾ ಇದ್ರಿ." ನಕ್ಕಳು. "ಅಲ್ಲದೆ ನಿಮ್ಮ ಗಂಟಿನ ಸುದ್ದಿ ಆರೂ ಪ್ಲಾಟ್‌ಫಾರಂಗೆ ಗೊತ್ತು. ನಂದು ಇದೊಂದಕ್ಕೇ ಗೊತ್ತಿತ್ತು" ಎಂದು ತೊಟ್ಟಿಯ ಕಡೆ ಗದ್ದ ತೋರಿಸಿದಳು.

ಬಕೆಟ್ಟು ತುಂಬಿತ್ತು. ಎತ್ತಿ ಅವಳ ಕೈಗೆ ಕೊಟ್ಟೆ.

ಮಾರ್ಚ್ 28, ಶುಕ್ರವಾರ

ಉಳಿದರ್ಧ ನೀರು ನಿನ್ನೆ ಬದಲಾಯಿತು. ಎರಡನೆಯ ಹಾಳೆಯೂ ನೀಲಿ. ಕಪ್ಪೆಚಿಪ್ಪು ಬಾಯಿ ಮುಚ್ಚಿದೆ. ಅಂಗಡಿಯವನು ಅದು ಒಳ್ಳೆಯ ಲಕ್ಷಣ ಎಂದ. ಮುಚ್ಚುವಷ್ಟು ಬಲ ಇದೆ ಎಂದರ್ಥವಂತೆ.

ಮಾರ್ಚ್ 30, ಭಾನುವಾರ

ಮುಚ್ಚಿಯೇ ಇದೆ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಒಂದು ಅಕ್ಕಿಕಾಳಿನಷ್ಟು ಸೆರಗು. ನೀಲಿಯೇ. ಉಗುರಿನಷ್ಟಾದಾಗ ಇಸ್ತ್ರಿಯವನು ಬಾಗಿಲು ತಟ್ಟಿದ. ತೆರೆಯಲು ಗೋಡೆಗೆ ಆತುಕೊಂಡು ಬಗ್ಗಿಕೊಂಡು ಹೋದೆ, ನೆರಳು ಬೀಳಬಾರದೆಂದು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೊಂಟವೂ ಹೋಯ್ತಾ?" ಎಂದ.

ಏಪ್ರಿಲ್ 5, ಶನಿವಾರ

ಡಾಕ್ಟರಮ್ಮ ಕೊಳವೆ ಹಾಕಿ ನೋಡಿದರು. "ಮಾಯ್ದಿದೆ. ಏನಾದ್ರೂ ಮಾತಾಡಿ" ಎಂದರು. ಐದು ವಾರದಿಂದ ಈ ಗಳಿಗೆಗೆ ದೊಡ್ಡದೊಂದು ಮಾತು ಕೂಡಿಟ್ಟುಕೊಂಡಿದ್ದೆ, ಆ ಹೊತ್ತಿಗೆ ಮರೆತೇಹೋಯಿತು. "ನಿಮ್ಮ ಮಗಳ ಕೆಮ್ಮು ಹೇಗಿದೆ?" ಎಂದು ಕೇಳಿಬಿಟ್ಟೆ. ಧ್ವನಿ ಮರಳ ಮೇಲೆ ಗೋಣಿ ಎಳೆದ ಹಾಗಿತ್ತು, ಆದರೂ ಧ್ವನಿಯೇ. ಅವರು ಬರೆಯುತ್ತಿದ್ದದ್ದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ವಾಸಿಯಾಗಿದೆ" ಎಂದರು.

ಮೊದಲಿನ ಗಂಟಲು ಬರುವುದಿಲ್ಲವಂತೆ. "ಮೈಕಿಗೆ ಸಾಕು, ಜಗಳಕ್ಕೆ ಸಾಲದು" ಎಂದರು. ಬರುವಾಗ ಹೆಂಡತಿ ಬಸ್ಸಿನಲ್ಲಿ ಅದನ್ನೇ ನೆನೆದು ಎರಡು ಸಲ ನಕ್ಕಳು.

ಏಪ್ರಿಲ್ 9, ಬುಧವಾರ

ಸೋಮವಾರ ಮೈಕಿನ ಮುಂದೆ ಕೂತೆ, ಮಧ್ಯಾಹ್ನದ ಪಾಳಿ. ಯಂತ್ರ ಬರುವುದಿಲ್ಲವಂತೆ, ಸದ್ಯಕ್ಕೆ. ಧ್ವನಿ ತಗ್ಗಿದೆಯೆಂದು ಜನ ನಿಂತು ಕೇಳುತ್ತಾರೆ ಎಂದು ಸ್ಟೇಷನ್ ಮಾಸ್ಟರು ಹೇಳಿದರು. ಇದು ಹೊಗಳಿಕೆಯೋ ಏನೋ ಗೊತ್ತಾಗಲಿಲ್ಲ.

ಇವತ್ತು ಹದಿನಾರನೆಯ ದಿನ. ಹತ್ತಕ್ಕೆ ದೀಪ ಹಾಕಿದೆ. ಅವಳು ಅರ್ಧ ದಿನ ರಜೆ ಹಾಕಿದ್ದಳು. ಇಬ್ಬರೂ ತೊಟ್ಟಿಯ ಪಕ್ಕದಲ್ಲಿ ಕೂತೆವು. ಹತ್ತು ನಲವತ್ತಕ್ಕೆ ಸೆರಗು ಚಿಪ್ಪಿನ ಅಂಚು ದಾಟಿತು, ಹನ್ನೊಂದಕ್ಕೆ ಪೂರ್ತಿ ಹರಡಿತು. ಒಂದು ಮೂಲೆಯಲ್ಲಿ ಬಣ್ಣ ಸ್ವಲ್ಪ ಮಾಸಿದೆ. ಅದು ಹಾಗೇ ಇರುತ್ತದಂತೆ.

ಈಗ ನನಗೆ ಮಾತಿದೆ ಎಂಬುದು ಹನ್ನೊಂದೂವರೆಗೆ, ಅವಳು ಕಾಫಿ ಬೇಕಾ ಎಂದಾಗ ನೆನಪಾಯಿತು. ಅಭ್ಯಾಸಬಲ, ಸ್ಲೇಟು ಹುಡುಕುತ್ತಿದ್ದೆ.

ಏಪ್ರಿಲ್ 14, ಸೋಮವಾರ

ನಿನ್ನೆ ಸಂಜೆ ಮನೆ ತುಂಬ ಜನ. ನನ್ನ ಧ್ವನಿ ಬಂದ ನೆಪಕ್ಕೆ ತಂಗಿ, ಅವಳ ಗಂಡ, ಟಿಕೆಟ್ ಗುಮಾಸ್ತ, ಮೆಟ್ಟಿಲು ಹತ್ತಲಾರದೆ ಹತ್ತಿ ಬಂದ ಅವನ ಹೆಂಡತಿ. ಊಟವಾಗಿ ಎಲ್ಲರೂ ಕಾಲು ಚಾಚಿದ ಮೇಲೆ ಗುಮಾಸ್ತ ತೊಡೆ ತಟ್ಟಿದ. "ಎಲ್ಲಿ ಮೈಕು, ಕಲ್ಲು ತಂದ ಕಥೆ ಆಗಲಿ. ಹೊಸ ಗಂಟಲಲ್ಲಿ ಕೇಳೋಣ."

"ತಡಿ ತಡಿ, ನಾನು ನೀರು ಕುಡಿದು ಕೂರ್ತೀನಿ, ನಕ್ಕು ನಕ್ಕು ಗಂಟಲು ಒಣಗುತ್ತೆ" ಎಂದಳು ತಂಗಿ.

"ಆ ಕಥೆ ನನಗೆ ಸರಿಯಾಗಿ ಗೊತ್ತಿಲ್ಲ" ಎಂದೆ. "ತಂದವಳು ಅವಳು. ಮನಸ್ಸಿದ್ದರೆ ಹೇಳ್ತಾಳೆ."

ಗುಮಾಸ್ತ ಇದೂ ಜೋಕೆಂದು ನಗಲು ಶುರುಮಾಡಿದ. ನನ್ನ ಹೆಂಡತಿ ಸೀರೆಗೆ ಕೈ ಒರೆಸಿಕೊಳ್ಳುತ್ತ ಬಂದು ತೊಟ್ಟಿಯ ಪಕ್ಕದ ಮಣೆಯ ಮೇಲೆ ಕೂತಳು. ಎಲ್ಲಿಂದ ಶುರುಮಾಡಲಿ ಎಂಬಂತೆ ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಅವಳು ಗಂಟಿನಿಂದಲೇ ಶುರುಮಾಡಿದಳು. ಆಸ್ಪತ್ರೆಯ ಬೆಂಚು, ಟಬ್ಬು, ಬಸ್ಸಿನಲ್ಲಿ ನಿಂತೇ ಬಂದದ್ದು, ಹದಿನೈದು ಬೆಳಗು, ಸ್ಟೇಷನ್ ಮಾಸ್ಟರ ಪ್ಯಾಂಟು. ಆಮೇಲೆ ಅಮ್ಮನ ಕೊಡವೂ ಬಂತು. ಎಲ್ಲರೂ ನಕ್ಕರು, ಹೆಚ್ಚಾಗಿ ನಾನೇ. ತಂಗಿ ಮಾತ್ರ ನೀರಿನ ಲೋಟ ಹಿಡಿದುಕೊಂಡು ಕೂತಿದ್ದಳು, ಕುಡಿಯಲೂ ಇಲ್ಲ.

ಕಥೆ ಕೇಳಿದವರು ಇವತ್ತು ಬೆಳಿಗ್ಗೆ ಏನು ಮಾಡಿದರೆಂಬುದನ್ನೂ ಬರೆದಿಡುತ್ತೇನೆ. ಗುಮಾಸ್ತ ಕೌಂಟರಿನ ಬಾಗಿಲು ತೆರೆಯುವ ಮೊದಲು ಮನೆಗೆ ಫೋನು ಮಾಡಿ, ಅವನ ಹೆಂಡತಿ "ಏನ್ರೀ, ಏನಾಯ್ತು?" ಎಂದು ಗಾಬರಿಯಾದಾಗ, "ಏನಿಲ್ಲ, ಮಂಡಿ ಹೇಗಿದೆ ಅಂತ" ಎಂದನಂತೆ. ಮಧ್ಯಾಹ್ನ ನನಗೆ ಅವನೇ ಹೇಳಿದ, ನಾಚಿಕೊಂಡು. ತಂಗಿ, ಅವಳ ಗಂಡ ರಾತ್ರಿ ಇಲ್ಲೇ ಉಳಿದಿದ್ದರು. ಅವನು ಆರಡಿ ಆಳು, ಎದ್ದು ಬಚ್ಚಲಿಗೆ ಹೋಗುವಾಗ ನೆರಳು ಬೀಳದಂತೆ ತೊಟ್ಟಿಯ ಮುಂದೆ ಕುಳ್ಳನಂತೆ ಬಗ್ಗಿ ನಡೆದ.

ತಂಗಿ ಎಲ್ಲರಿಗಿಂತ ಮೊದಲು ಎದ್ದಿದ್ದಳು. ದೀಪ ಇನ್ನೂ ಹಾಕಿರಲಿಲ್ಲ, ಕಿಟಕಿಯ ಬೆಳಕಿನಲ್ಲೇ ಕಪ್ಪೆಚಿಪ್ಪಿನ ಎದುರು ಕೂತಿದ್ದಳು. ಹೆಂಡತಿ ಬ್ಯಾಗು ಹೆಗಲಿಗೇರಿಸಿ ಹೊರಟಾಗ ಇವಳೂ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಅತ್ತಿಗೆ, ನಿಮ್ಮ ಲ್ಯಾಬು ಎಷ್ಟೊತ್ತಿಗೆ ತೆಗೀತಾರೆ?"

"ಎಂಟೂಮುಕ್ಕಾಲಿಗೆ."

"ನಾನೂ ಬರ್ತೀನಿ, ತೋರಿಸ್ಕೋಬೇಕು."

ನನ್ನ ಹೆಂಡತಿ ಅವಳ ಮುಖ ನೋಡಿದಳು. ಎಡಗಡೆಯಿಂದ ಬಲಗಡೆಗೆ ಬಂದು, ನೋಯುವ ಎಡಗೈ ಬಿಟ್ಟು ಅವಳ ಬಲಗೈ ಹಿಡಿದುಕೊಂಡಳು. ನಾನು ಬಾಗಿಲು ಹಿಡಿದು ನಿಂತಿದ್ದೆ. ಇಬ್ಬರೂ ಮೆಟ್ಟಿಲಿಳಿದು, ಬಸ್ಸಿನ ಸದ್ದು ದೂರವಾಗುವವರೆಗೂ ನಿಂತಿದ್ದು ಒಳಗೆ ಬಂದೆ. ಹತ್ತಕ್ಕೆ ದೀಪ ಹಾಕಿದೆ.